ಫ್ರಿಜ್ ತಣ್ಣಗಾಗುತ್ತಿಲ್ಲವೇ? ‘ಗ್ಯಾಸ್ ಹೋಗಿದೆ’ ಎನ್ನುವ ಮೊದಲು ಇಷ್ಟು ನೋಡಿ

ನಮ್ಮ ಮನೆಯ ಡಬಲ್ ಡೋರ್ ಫ್ರಿಜ್ ಒಂದು ಸಲ ಕೈಕೊಟ್ಟಿತು. ಕೆಳಗಿನ ಭಾಗದಲ್ಲಿಟ್ಟ ಹಾಲು ಬೆಳಗಾಗುವಷ್ಟರಲ್ಲಿ ಹುಳಿ ವಾಸನೆ ಹೊಡೆಯುತ್ತಿತ್ತು. ನೋಡಲು ಬಂದ ಮೆಕ್ಯಾನಿಕ್ ಬಾಗಿಲು ತೆಗೆದು, ಒಳಗೆ ಕೈಯಾಡಿಸಿ, ‘ಗ್ಯಾಸ್ ಹೋಗಿದೆ, ತುಂಬಿಸಬೇಕು’ ಅಂದರು. ಅವರು ಹೋದ ಮೇಲೆ ನಾನು ಮೇಲಿನ ಫ್ರೀಜರ್ ತೆಗೆದೆ. ಟ್ರೇಯಲ್ಲಿದ್ದ ಐಸ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಗ್ಯಾಸೇ ಇಲ್ಲ ಅಂದಮೇಲೆ ಈ ಐಸ್ ಹೇಗೆ ನಿಂತಿದೆ? ಆ ಒಂದು ಪ್ರಶ್ನೆ ಹಿಡಿದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬೆರಳ ತುದಿಯಷ್ಟು ಚಿಕ್ಕದೊಂದು ಫ್ಯೂಸ್. ಅದರ ವಿಷಯ ಮುಂದೆ ಹೇಳುತ್ತೇನೆ.

ಅವತ್ತಿನಿಂದ ನೆಂಟರ, ಸ್ನೇಹಿತರ ಮನೆಯ ಫ್ರಿಜ್‌ಗಳನ್ನೂ ನೋಡುತ್ತಾ ಬಂದಿದ್ದೇನೆ. ಗ್ಯಾಸ್ ಅನ್ನೋದು ಎಲ್ಲ ನೋಡಿ ಆದ ಮೇಲೆ ಕೊನೆಗೆ ಬರಬೇಕಾದ ತೀರ್ಮಾನ. ಬಾಗಿಲು, ಧೂಳು, ಗಾಳಿ, ಮಂಜು, ಕರೆಂಟು ಇಷ್ಟನ್ನು ನೋಡದೆ ಗ್ಯಾಸಿಗೆ ಕೈ ಹಾಕಿದರೆ ಸುಮ್ನೆ ದುಡ್ಡು ಹೋಗುತ್ತದೆ, ದೋಷ ಅಲ್ಲೇ ಉಳಿಯುತ್ತದೆ.

ಫ್ರಿಜ್ ಮಾಡುವ ಕೆಲಸ ಏನು?

ಫ್ರಿಜ್ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ, ಅಷ್ಟೇ. ಹಿಂದೆ ಕೆಳಗಡೆ ಇರುವ ಕಪ್ಪು ಡಬ್ಬಿ ಕಂಪ್ರೆಸರ್. ಅದು ಗ್ಯಾಸನ್ನು ಒತ್ತಿ ಬಿಸಿ ಮಾಡಿ ಹೊರಗಿನ ಕಾಯಿಲ್‌ಗೆ ಕಳಿಸುತ್ತದೆ. ಅಲ್ಲಿ ಬಿಸಿ ಕೋಣೆಯ ಗಾಳಿಗೆ ಸೇರಿ ಗ್ಯಾಸ್ ದ್ರವವಾಗುತ್ತದೆ. ಆ ದ್ರವ ಕೂದಲೆಳೆಯಂಥ ಸಣ್ಣ ಕೊಳವೆಯಲ್ಲಿ ಹಾದು ಫ್ರೀಜರ್ ಬಳಿಯ ಕೂಲಿಂಗ್ ಕಾಯಿಲ್‌ನಲ್ಲಿ ಮತ್ತೆ ಗ್ಯಾಸಾಗುತ್ತದೆ. ಹಾಗೆ ಆಗುವಾಗ ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಇಷ್ಟು ತಲೆಯಲ್ಲಿದ್ದರೆ ದೋಷ ಹುಡುಕುವಾಗ ಕೇಳಬೇಕಾದ ಪ್ರಶ್ನೆ ಮೂರೇ. ಹೊರಗೆ ಬಿಸಿ ಸರಿಯಾಗಿ ಹೋಗುತ್ತಿದೆಯಾ? ಒಳಗೆ ತಂಪು ಎಲ್ಲ ಕಡೆ ಹರಡುತ್ತಿದೆಯಾ? ಹೊರಗಿನ ಬಿಸಿಗಾಳಿ ಒಳಗೆ ನುಗ್ಗುತ್ತಿದೆಯಾ?

ನಿಮ್ಮದು ಯಾವ ಬಗೆಯ ಫ್ರಿಜ್ ಅಂತ ಮೊದಲೇ ಗೊತ್ತಿರಲಿ. ಡೈರೆಕ್ಟ್ ಕೂಲ್‌ನಲ್ಲಿ ಫ್ಯಾನ್ ಇರುವುದಿಲ್ಲ, ಫ್ರೀಜರ್ ಗೋಡೆಯ ಮೇಲೆ ಐಸ್ ಕಟ್ಟುತ್ತದೆ, ನಾವೇ ಬಟನ್ ಒತ್ತಿಯೋ ಆಫ್ ಮಾಡಿಯೋ ಕರಗಿಸಬೇಕು. ಹೆಚ್ಚಿನ ಸಿಂಗಲ್ ಡೋರ್ ಫ್ರಿಜ್‌ಗಳು ಇವೇ. ಫ್ರಾಸ್ಟ್ ಫ್ರೀಯಲ್ಲಿ ಕೂಲಿಂಗ್ ಕಾಯಿಲ್ ಒಂದು ಪ್ಯಾನೆಲ್‌ನ ಹಿಂದೆ ಅಡಗಿರುತ್ತದೆ, ಫ್ಯಾನ್ ತಂಪು ಗಾಳಿಯನ್ನು ತಳ್ಳುತ್ತದೆ, ಐಸ್ ತಾನಾಗಿಯೇ ಕರಗುತ್ತದೆ. ಎರಡರ ಕಾಯಿಲೆಗಳೂ ಬೇರೆ ಬೇರೆ.

ಕೈಯಿಂದ ಮುಟ್ಟಿ ಹೇಳಬೇಡಿ, ಅಳೆಯಿರಿ

‘ಅಷ್ಟೊಂದು ತಂಪಿಲ್ಲ’ ಅನ್ನೋದು ಅಳತೆಯಲ್ಲ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ನಡುವಿನ ಶೆಲ್ಫ್‌ನಲ್ಲಿ ರಾತ್ರಿಯಿಡೀ ಇಡಿ. ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ನೋಡಿ. 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. ಫ್ರೀಜರ್‌ನಲ್ಲಿ ಎರಡು ಗಟ್ಟಿ ಪ್ಯಾಕೆಟ್‌ಗಳ ನಡುವೆ ಇಟ್ಟರೆ ಮೈನಸ್ 18ರ ಆಸುಪಾಸು ತೋರಿಸಬೇಕು. ನೀರಿನಲ್ಲೇ ಯಾಕೆ ಅಂದರೆ, ಬಾಗಿಲು ತೆಗೆದ ಕೂಡಲೇ ಗಾಳಿಯ ತಾಪಮಾನ ಏರಿಬಿಡುತ್ತದೆ, ನೀರಿನದ್ದು ಅಷ್ಟು ಬೇಗ ಏರುವುದಿಲ್ಲ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, ಅಷ್ಟು ತಣ್ಣನೆಯದನ್ನು ಅದು ಅಳೆಯುವುದೇ ಇಲ್ಲ.

ಒಳಗಿನ ನಾಬ್ ಮೇಲೆ 1ರಿಂದ 5 ಅಥವಾ 7ರವರೆಗೆ ಅಂಕಿ ಇರುತ್ತವೆ. ಅವು ಡಿಗ್ರಿ ಅಲ್ಲ. ಸಾಮಾನ್ಯವಾಗಿ ಅಂಕಿ ಏರಿದಷ್ಟೂ ತಂಪು ಜಾಸ್ತಿ. ಇದನ್ನೇ ತಿರುವುಮುರುವಾಗಿ ತಿಳಿದು, ಬೇಸಿಗೆಯಲ್ಲಿ 1ಕ್ಕೆ ಇಳಿಸಿ ‘ಫ್ರಿಜ್ ಕೆಟ್ಟಿದೆ’ ಅಂದವರ ಮನೆಗೆ ನಾನೇ ಹೋಗಿದ್ದೇನೆ. ನಾಬ್ ಬದಲಿಸಿದರೆ ಪೂರ್ತಿ ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ.

ಏನೂ ಓಡುತ್ತಿಲ್ಲ, ಲೈಟೂ ಇಲ್ಲ

ಇಲ್ಲಿ ಜಾಸ್ತಿ ತಲೆಕೆಡಿಸಿಕೊಳ್ಳುವುದು ಬೇಡ. ಅದೇ ಸಾಕೆಟ್‌ಗೆ ಬೇರೆ ಸಾಮಾನು ಹಾಕಿ ನೋಡಿ. ಎಂಸಿಬಿ (ಮನೆಯ ಕರೆಂಟು ಕಡಿಯುವ ಸುರಕ್ಷತಾ ಸ್ವಿಚ್) ಬಿದ್ದಿದೆಯಾ ನೋಡಿ. ಸ್ಟೆಬಿಲೈಸರ್ ಇದ್ದರೆ ಅದರಿಂದ ಕರೆಂಟು ಹೊರಬರುತ್ತಿದೆಯಾ ನೋಡಿ. ಪ್ಲಗ್ ಪಿನ್ ಕಪ್ಪಾಗಿದ್ದರೆ ಅಥವಾ ಸಾಕೆಟ್ ಬಿಸಿಯಾಗಿದ್ದರೆ ಅದನ್ನು ಬದಲಿಸುವವರೆಗೆ ಫ್ರಿಜ್ ಹಾಕಬೇಡಿ.

ಲೈಟ್ ಉರಿಯುತ್ತಿದೆ, ಆದರೆ ಕಂಪ್ರೆಸರ್ ಮಾತ್ರ ಸುಮ್ಮನಿದೆ ಅಂದರೆ ಥರ್ಮೋಸ್ಟ್ಯಾಟ್ (ತಾಪಮಾನ ನೋಡಿ ಕಂಪ್ರೆಸರನ್ನು ಆನ್, ಆಫ್ ಮಾಡುವ ಸ್ವಿಚ್), ರಿಲೇ (ಕಂಪ್ರೆಸರನ್ನು ಸ್ಟಾರ್ಟ್ ಮಾಡಿಸುವ ಭಾಗ), ಕಂಪ್ರೆಸರ್ ಅಥವಾ ಎಲೆಕ್ಟ್ರಾನಿಕ್ ಬೋರ್ಡ್ ಕಡೆ ನೋಡಬೇಕು. ಫ್ರಾಸ್ಟ್ ಫ್ರೀ ಫ್ರಿಜ್ ಆಗಿದ್ದರೆ ಅದು ಡಿಫ್ರಾಸ್ಟ್ ಆಗುತ್ತಿರಲೂಬಹುದು, ಅಂದರೆ ಒಳಗಿನ ಮಂಜು ಕರಗಿಸಿಕೊಳ್ಳುತ್ತಿರಬಹುದು. ಅರ್ಧ ಗಂಟೆ ಕಾದು ನೋಡಿ.

ಓಡುತ್ತಿದೆ, ಆದರೆ ಎರಡೂ ಕಡೆ ತಂಪು ಸಾಲದು

ಮೊದಲು ಬಾಗಿಲು. ಒಂದು ಕಾಗದದ ತುಂಡನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ, ಮೆಲ್ಲಗೆ ಎಳೆಯಿರಿ. ಹಿಡಿತ ಸಿಗಬೇಕು. ಸುಮ್ನೆ ಜಾರಿ ಬಂದರೆ ಅಲ್ಲಿ ಗ್ಯಾಸ್ಕೆಟ್, ಅಂದರೆ ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ, ಸರಿಯಾಗಿ ಕೂರುತ್ತಿಲ್ಲ. ಹೀಗೆ ಬಾಗಿಲ ಸುತ್ತಲೂ ಗೇಣಿಗೊಂದು ಕಡೆ ನೋಡುತ್ತಾ ಹೋಗಿ. ಕೆಳಗಿನ ಮೂಲೆ ಮತ್ತು ಹಿಂಜ್ ಇರುವ ಬದಿಯನ್ನು ಮರೆಯಬೇಡಿ. ಹೆಚ್ಚಾಗಿ ತೊಂದರೆ ಅಲ್ಲೇ. ಗ್ಯಾಸ್ಕೆಟ್ ಮಡಿಕೆಯಲ್ಲಿ ಅಂಟು ಕಸ ಕೂತಿದ್ದರೆ ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಒರೆಸಿ. ಸೊಟ್ಟಗಾಗಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಎಷ್ಟೋ ಸಲ ತಿರುಗಿ ಆಕಾರಕ್ಕೆ ಬರುತ್ತದೆ. ಹರಿದಿದ್ದರೆ ಬದಲಾಯಿಸದೆ ದಾರಿಯಿಲ್ಲ.

ಆಮೇಲೆ ಲೈಟ್. ಬಾಗಿಲು ಮುಚ್ಚಿದ ಮೇಲೂ ಬಲ್ಬ್ ಉರಿಯುತ್ತಲೇ ಇದ್ದರೆ ಒಳಗೆ ಚಿಕ್ಕ ಹೀಟರ್ ಇಟ್ಟ ಹಾಗೆ. ಫೋನಿನಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟು, ಬಾಗಿಲು ಮುಚ್ಚಿ, ಹತ್ತು ಸೆಕೆಂಡ್ ಬಿಟ್ಟು ತೆಗೆದು ನೋಡಿ. ಗೊತ್ತಾಗುತ್ತದೆ.

ಮೂರನೆಯದು ಹೊರಗಿನ ಕಾಯಿಲ್. ಪ್ಲಗ್ ಕಿತ್ತು ಫ್ರಿಜ್ಜನ್ನು ಮುಂದಕ್ಕೆ ಎಳೆಯಿರಿ. ಹಿಂದೆ ಕಪ್ಪು ಜಾಲರಿ ಕಂಡರೆ ಬ್ರಷ್‌ನಿಂದ ಧೂಳು ತೆಗೆಯಿರಿ. ಕೆಲವದರಲ್ಲಿ ಕಾಯಿಲ್ ಕೆಳಗೆ ಕಂಪ್ರೆಸರ್ ಪಕ್ಕ ಇದ್ದು, ಅಲ್ಲೊಂದು ಫ್ಯಾನ್ ಇರುತ್ತದೆ. ಆ ಕಾಯಿಲ್ ಮೇಲೆ ಧೂಳು, ಕೂದಲು ಸೇರಿ ಕಂಬಳಿಯ ಹಾಗೆ ಕೂತಿರುತ್ತದೆ. ಬಿಸಿ ಹೊರಹೋಗಲು ಜಾಗವೇ ಇಲ್ಲದಿದ್ದರೆ ಕಂಪ್ರೆಸರ್ ಎಷ್ಟು ಓಡಿದರೂ ಏನು ಬಂತು? ಜಾಲರಿಯೇ ಕಾಣದಿದ್ದರೆ ಕಾಯಿಲ್ ಪಕ್ಕದ ಗೋಡೆಗಳ ಒಳಗಿದೆ ಅಂತ ಅರ್ಥ. ಅಂಥ ಫ್ರಿಜ್‌ನ ಎರಡೂ ಬದಿಗೆ ಗಾಳಿಯಾಡಲು ಜಾಗ ಬೇಕು. ಎಷ್ಟು ಅಂತ ಕೈಪಿಡಿಯಲ್ಲಿ ಬರೆದಿರುತ್ತದೆ. ಕಪಾಟಿನ ನಡುವೆ ಬಿಗಿಯಾಗಿ ಕೂರಿಸಿದ ಫ್ರಿಜ್ ಸೆಕೆ ದಿನಗಳಲ್ಲಿ ಸೋಲುವುದು ಇದೇ ಕಾರಣಕ್ಕೆ.

ಡೈರೆಕ್ಟ್ ಕೂಲ್ ಫ್ರಿಜ್ ಆಗಿದ್ದರೆ ಫ್ರೀಜರ್ ಗೋಡೆಯ ಐಸ್ ಎಷ್ಟು ದಪ್ಪ ಇದೆ ನೋಡಿ. 5 ಮಿಲಿಮೀಟರ್ ದಾಟಿದರೆ ಕರಗಿಸಿ. ಐಸ್ ಜಾಸ್ತಿ ಇದ್ದರೆ ತಂಪೂ ಜಾಸ್ತಿ ಅಂತ ಬಹಳ ಜನ ತಿಳಿದಿದ್ದಾರೆ. ಆಗುವುದು ತಿರುವುಮುರುವು: ಆ ಐಸ್ ಕಾಯಿಲ್‌ಗೆ ಹೊದಿಸಿದ ರಗ್ಗಿನ ಹಾಗೆ ಕೆಲಸ ಮಾಡಿ ತಂಪನ್ನು ಹೊರಬಿಡುವುದಿಲ್ಲ. ಕರಗಿಸುವಾಗ ಚಾಕು, ಸ್ಕ್ರೂಡ್ರೈವರ್ ಯಾವುದನ್ನೂ ಮುಟ್ಟಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ. ಅಲ್ಲಿನ ಅಲ್ಯೂಮಿನಿಯಂ ತುಂಬಾ ತೆಳು. ಚಾಕುವಿನ ತುದಿ ತಾಗಿ ‘ಸುಯ್’ ಅಂತ ಸದ್ದು ಬಂತೋ, ಅಲ್ಲಿಯವರೆಗೆ ಚೆನ್ನಾಗಿದ್ದ ಗ್ಯಾಸ್ ಆ ಕ್ಷಣಕ್ಕೆ ಹೋಯಿತು. ಆಫ್ ಮಾಡಿ, ಬಾಗಿಲು ತೆರೆದಿಟ್ಟು, ಒಳಗೊಂದು ಪಾತ್ರೆಯಲ್ಲಿ ಬಿಸಿನೀರು ಇಡಿ. ಐಸ್ ತಾನಾಗಿ ಬಿಟ್ಟುಕೊಳ್ಳುತ್ತದೆ.

ಕೋಣೆಯ ತಾಪಮಾನವೂ ಲೆಕ್ಕಕ್ಕೆ ಬರುತ್ತದೆ. ಒಳಗಿನ ಲೇಬಲ್ ಮೇಲೆ ಹವಾಮಾನ ವರ್ಗ ಅಂತ ಬರೆದಿರುತ್ತದೆ. ‘ಎನ್’ ಅಂದರೆ ಸುತ್ತಲಿನ ಗಾಳಿ 16ರಿಂದ 32 ಡಿಗ್ರಿ ಇರುವಲ್ಲಿಗೆ ಮಾಡಿದ್ದು, ‘ಎಸ್‌ಟಿ’ 38ರವರೆಗೆ, ‘ಟಿ’ 43ರವರೆಗೆ. ಸೆಕೆಗೆ ಸೋಲುವುದು ಎಲ್ಲರಿಗೂ ಅರ್ಥವಾಗುತ್ತದೆ. ಚಳಿಗೂ ಸೋಲುತ್ತದೆ ಅನ್ನೋದು ಗೊತ್ತಿರುವುದು ಕಡಿಮೆ. ಒಂದೇ ಥರ್ಮೋಸ್ಟ್ಯಾಟ್ ಇರುವ ಎಷ್ಟೋ ಫ್ರಿಜ್‌ಗಳಲ್ಲಿ ಅದು ಕೆಳಗಿನ ಭಾಗದ ತಾಪಮಾನವನ್ನಷ್ಟೇ ನೋಡುತ್ತದೆ. ಕೋಣೆಯೇ ತಣ್ಣಗಿದ್ದರೆ ಕೆಳಗೆ ಬಿಸಿಯಾಗುವುದೇ ಇಲ್ಲ, ಕಂಪ್ರೆಸರ್ ಆನ್ ಆಗುವುದೇ ಅಪರೂಪ. ಆಗ ಫ್ರೀಜರ್‌ನಲ್ಲಿದ್ದದ್ದು ಮೆತ್ತಗಾಗುತ್ತದೆ. ಚಳಿಗಾಲದಲ್ಲಿ ಮಾತ್ರ ಫ್ರೀಜರ್ ಕೈಕೊಡುತ್ತಿದ್ದರೆ ರಿಪೇರಿಗೆ ಮೊದಲು ಇದನ್ನು ಯೋಚಿಸಿ.

ಮೇಲೆ ಐಸ್ ಗಟ್ಟಿ, ಕೆಳಗೆ ಬೆಚ್ಚಗೆ

ನಮ್ಮ ಮನೆಯಲ್ಲಿ ಆದದ್ದು ಇದು. ಫ್ರಾಸ್ಟ್ ಫ್ರೀ ಫ್ರಿಜ್‌ಗಳಲ್ಲಿ ನಾನು ಅತಿ ಹೆಚ್ಚು ನೋಡಿದ ದೋಷವೂ ಇದೇ. ಗ್ಯಾಸಿನ ಹೆಸರು ಸುಳ್ಳೇ ಕೇಳಿಬರುವುದೂ ಇಲ್ಲೇ ಜಾಸ್ತಿ.

ಇಂಥ ಫ್ರಿಜ್‌ಗಳಲ್ಲಿ ಹೆಚ್ಚಿನವಕ್ಕೆ ತಂಪು ಹುಟ್ಟುವ ಜಾಗ ಒಂದೇ, ಫ್ರೀಜರ್ ಹಿಂದಿನ ಕಾಯಿಲ್. ಕೆಳಗಿನ ಭಾಗಕ್ಕೆ ತಂಪು ಬರುವುದು ಫ್ಯಾನ್ ತಳ್ಳುವ ಗಾಳಿಯಿಂದ. ಮೇಲೆ ಚೆನ್ನಾಗಿದ್ದು ಕೆಳಗೆ ಇಲ್ಲ ಅಂದರೆ ಗಾಳಿಯ ದಾರಿ ಎಲ್ಲೋ ಕಟ್ಟಿದೆ. ಮೊದಲು ಗಾಳಿ ಬರುವ ಕಿಂಡಿಗಳ ಮುಂದೆ ಡಬ್ಬಿ, ಚೀಲ ಒತ್ತರಿಸಿ ಇಟ್ಟಿದ್ದೀರಾ ನೋಡಿ. ಇಲ್ಲದಿದ್ದರೆ ಫ್ರೀಜರ್ ಬಾಗಿಲು ತೆಗೆದು, ಬಾಗಿಲ ಸ್ವಿಚ್ಚನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಬಾಗಿಲು ತೆಗೆದರೆ ಫ್ಯಾನ್ ನಿಲ್ಲುವ ಹಾಗೆ ಎಷ್ಟೋ ಮಾಡೆಲ್‌ಗಳಲ್ಲಿ ಇರುತ್ತದೆ, ಅದಕ್ಕೆ ಒತ್ತಬೇಕು. ಕಂಪ್ರೆಸರ್ ಓಡುತ್ತಿರುವಾಗ ಫ್ಯಾನ್ ಸದ್ದು ಕೇಳಬೇಕು, ಕಿಂಡಿಯ ಬಳಿ ಕೈಗೆ ಗಾಳಿ ತಾಗಬೇಕು. ಫ್ಯಾನ್ ತಿರುಗುತ್ತಿಲ್ಲ ಅಂದರೆ ಮೋಟರ್ ಹೋಗಿದೆ ಅಥವಾ ರೆಕ್ಕೆ ಐಸಿನಲ್ಲಿ ಸಿಕ್ಕಿದೆ. ತಿರುಗುತ್ತಿದೆ ಆದರೆ ಗಾಳಿ ಬರುತ್ತಿಲ್ಲ ಅಂದರೆ ಕಾಯಿಲ್ ಪೂರ್ತಿ ಐಸಿನಲ್ಲಿ ಮುಚ್ಚಿಹೋಗಿದೆ.

ನಮ್ಮದರಲ್ಲಿ ಹಾಲು ಕೆಡುವ ಎರಡು ಮೂರು ದಿನ ಮೊದಲಿಂದ ‘ಚರ್ ಚರ್’ ಅಂತ ಏನೋ ಉಜ್ಜುವ ಸದ್ದು ಬರುತ್ತಿತ್ತು, ಆಮೇಲೆ ನಿಂತುಹೋಯಿತು. ಪ್ಲಗ್ ಕಿತ್ತು, ಫ್ರೀಜರ್ ಹಿಂದಿನ ಪ್ಯಾನೆಲ್ ಸ್ಕ್ರೂ ಬಿಚ್ಚಿದಾಗ ಕಾರಣ ಕಂಡಿತು. ಕಾಯಿಲ್ ಕಾಣುತ್ತಲೇ ಇರಲಿಲ್ಲ. ಇಟ್ಟಿಗೆ ಜೋಡಿಸಿದ ಹಾಗೆ ಬಿಳಿ ಐಸ್ ಗೋಡೆ. ಫ್ಯಾನಿನ ರೆಕ್ಕೆಯ ಅಂಚು ಆ ಐಸಿನಲ್ಲಿ ಅರ್ಧಚಂದ್ರದ ಗೆರೆ ಕೊರೆದು, ಕೊನೆಗೆ ಅದರಲ್ಲೇ ಕಚ್ಚಿಕೊಂಡು ನಿಂತಿತ್ತು.

ಐಸ್ ಹಾಗೆ ಬೆಳೆಯಬಾರದು. ಬಾಗಿಲು ತೆಗೆದಾಗಲೆಲ್ಲ ಬರುವ ತೇವ ಕಾಯಿಲ್ ಮೇಲೆ ಮಂಜಾಗಿ ಕೂರುವುದು ಸಹಜ. ಅದಕ್ಕೇ ಕಾಯಿಲ್ ಕೆಳಗೊಂದು ಹೀಟರ್ ಇದೆ. ಹಳೆಯ ಮಾಡೆಲ್‌ಗಳಲ್ಲಿ ಟೈಮರ್, ಹೊಸದರಲ್ಲಿ ಬೋರ್ಡ್, ಕೆಲವು ಗಂಟೆಗಳಿಗೊಮ್ಮೆ ಕಂಪ್ರೆಸರ್ ನಿಲ್ಲಿಸಿ ಆ ಹೀಟರ್ ಆನ್ ಮಾಡುತ್ತದೆ. ಮಂಜು ಕರಗಿ ನೀರು ಕೆಳಗಿಳಿಯುತ್ತದೆ. ಕಾಯಿಲ್ ಸಾಕಷ್ಟು ಬೆಚ್ಚಗಾದ ಮೇಲೆ ಬೈಮೆಟಲ್ ಅನ್ನುವ ಪುಟ್ಟ ಸ್ವಿಚ್ ಹೀಟರನ್ನು ಕಡಿಯುತ್ತದೆ. ಆ ಸ್ವಿಚ್ ಕೈಕೊಟ್ಟರೆ ಬೆಂಕಿ ಆಗದಿರಲಿ ಅಂತ ಜೊತೆಗೊಂದು ಥರ್ಮಲ್ ಫ್ಯೂಸ್. ಈ ಸಾಲಿನಲ್ಲಿ ಯಾವುದು ಕೆಟ್ಟರೂ ಮಂಜು ಕರಗುವುದಿಲ್ಲ, ದಿನದಿನಕ್ಕೂ ಬೆಳೆಯುತ್ತದೆ.

ಪ್ಯಾನೆಲ್ ಬಿಚ್ಚದೆಯೂ ಇದನ್ನು ಪತ್ತೆ ಮಾಡಬಹುದು. ಪ್ಲಗ್ ಕಿತ್ತು ಎರಡೂ ಬಾಗಿಲು ತೆರೆದು 24 ಗಂಟೆ ಬಿಡಿ. ಕೆಳಗೆ ಹಳೆಯ ಬಟ್ಟೆ ಹಾಸಿ, ನೀರು ತುಂಬಾ ಬರುತ್ತದೆ. ಮತ್ತೆ ಆನ್ ಮಾಡಿ. ಕೆಲವು ದಿನ ಹೊಸದರಂತೆ ಓಡಿ, ವಾರದ ಹೊತ್ತಿಗೆ ಕೆಳಗೆ ಮತ್ತೆ ಬೆಚ್ಚಗಾಯಿತು ಅಂದರೆ ದೋಷ ಡಿಫ್ರಾಸ್ಟ್ ಸಾಲಿನಲ್ಲಿದೆ. ಗ್ಯಾಸ್ ಹೋಗಿದ್ದರೆ ಹೀಗೆ ದಿನಗಟ್ಟಲೆ ಚೆನ್ನಾಗಿ ಓಡುವುದಿಲ್ಲ, ಅಲ್ವಾ?

ಮಲ್ಟಿಮೀಟರ್ ಬಳಸಲು ಬರುವವರಿಗೆ ಮುಂದಿನ ಮಾತು. ಪ್ಲಗ್ ಕಿತ್ತಿರಲಿ. ಹೀಟರ್‌ನ ಎರಡು ತುದಿಗೆ ಮೀಟರ್ ಇಟ್ಟರೆ ಒಂದು ಓಮ್ ಬೆಲೆ ಬರಬೇಕು. ವೋಲ್ಟೇಜನ್ನು ವೋಲ್ಟೇಜಿನಿಂದಲೇ ಗುಣಿಸಿ ವ್ಯಾಟ್‌ನಿಂದ ಭಾಗಿಸಿದರೆ ಎಷ್ಟು ಬರಬೇಕು ಅಂತ ಸಿಗುತ್ತದೆ. 230 ವೋಲ್ಟ್, 150 ವ್ಯಾಟ್ ಹೀಟರ್‌ಗೆ ಸುಮಾರು 350 ಓಮ್. ಮೀಟರ್ ಏನೂ ತೋರಿಸದಿದ್ದರೆ ಹೀಟರ್ ಕಡಿದಿದೆ. ಫ್ಯೂಸ್ ಯಾವಾಗಲೂ ಕಂಟಿನ್ಯೂಟಿ ತೋರಿಸಬೇಕು. ಬೈಮೆಟಲ್ ವಿಷಯದಲ್ಲಿ ಮಾತ್ರ ಎಚ್ಚರ. ಕೋಣೆಯ ತಾಪಮಾನದಲ್ಲಿ ಅದು ತೆರೆದೇ ಇರುತ್ತದೆ, ಮೀಟರ್ ಏನೂ ತೋರಿಸುವುದಿಲ್ಲ. ಅದನ್ನೇ ನೋಡಿ ‘ಕೆಟ್ಟಿದೆ’ ಅಂತ ಒಳ್ಳೆಯದನ್ನು ಎಸೆಯುತ್ತಾರೆ. ಅದನ್ನು ಕೆಲಸ ಮಾಡುವ ಇನ್ನೊಂದು ಫ್ರೀಜರ್‌ನಲ್ಲಿ ಅರ್ಧ ಗಂಟೆ ಇಟ್ಟು, ತಣ್ಣಗಿರುವಾಗಲೇ ಅಳೆಯಬೇಕು. ಆಗಲೂ ಸೇರದಿದ್ದರೆ ಮಾತ್ರ ಕೆಟ್ಟಿದೆ.

ನಮ್ಮದರಲ್ಲಿ ಹೀಟರ್ ಸರಿಯಿತ್ತು, ಬೈಮೆಟಲ್ ಸರಿಯಿತ್ತು, ಫ್ಯೂಸ್ ಮಾತ್ರ ಹೋಗಿತ್ತು. ಅದನ್ನು ತಂತಿಯಿಂದ ನೇರ ಸೇರಿಸಿಬಿಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸುತ್ತಲೂ ಪ್ಲಾಸ್ಟಿಕ್ ಮತ್ತು ಫೋಮ್ ಇದೆ. ಅವುಗಳ ನಡುವೆ ಹೀಟರ್ ನಿಲ್ಲದೆ ಉರಿದರೆ ಮನೆಗೇ ಅಪಾಯ. ಅದೇ ರೇಟಿಂಗ್‌ನ ಫ್ಯೂಸ್ ಹಾಕಿಸಿ. ಹೊಸ ಫ್ಯೂಸ್ ಕೂಡ ಹೋದರೆ ಬೈಮೆಟಲ್ ಅಂಟಿಕೊಂಡಿರಬಹುದು, ಅದನ್ನೂ ಬದಲಿಸಿ.

ಟಿಕ್ ಅನ್ನುತ್ತದೆ, ಸ್ಟಾರ್ಟ್ ಆಗುವುದಿಲ್ಲ

ಕೆಲವು ನಿಮಿಷಕ್ಕೊಮ್ಮೆ ಹಿಂದಿನಿಂದ ‘ಟಿಕ್’, ಒಂದಷ್ಟು ಸೆಕೆಂಡ್ ‘ಹೂಂ’ ಅನ್ನುವ ಗುಂಯ್‌ಗುಡುವಿಕೆ, ಮತ್ತೆ ‘ಟಿಕ್’. ಕಂಪ್ರೆಸರ್ ಏಳಲು ನೋಡುತ್ತಿದೆ, ಆಗುತ್ತಿಲ್ಲ, ಬಿಸಿಯಾಗಿ ಓವರ್‌ಲೋಡ್ ಸ್ವಿಚ್ ಅದನ್ನು ಕಡಿಯುತ್ತಿದೆ. ಕರೆಂಟು ಹೋಗಿ ತಕ್ಷಣ ಬಂದಾಗ ಒಂದೆರಡು ಸಲ ಹೀಗಾದರೆ ಗಾಬರಿ ಬೇಡ. ಪೈಪಿನ ಎರಡೂ ಕಡೆಯ ಒತ್ತಡ ಸಮವಾಗಲು ಕೆಲವು ನಿಮಿಷ ಬೇಕು. ಅದಕ್ಕೇ ಆಫ್ ಮಾಡಿದ ಫ್ರಿಜ್ಜನ್ನು 5 ನಿಮಿಷ ಬಿಟ್ಟು ಆನ್ ಮಾಡಿ ಅನ್ನೋದು.

ಬಿಡದೆ ಹೀಗೇ ಆಗುತ್ತಿದ್ದರೆ ಮೊದಲು ಸಾಕೆಟ್‌ನಲ್ಲಿ ವೋಲ್ಟೇಜ್ ನೋಡಿಸಿ, ಅದೂ ಕಂಪ್ರೆಸರ್ ಏಳಲು ಯತ್ನಿಸುವ ಆ ಕ್ಷಣದಲ್ಲಿ. ಸುಮ್ಮನಿರುವಾಗ ಸರಿಯಿದ್ದು, ಲೋಡ್ ಬಿದ್ದಾಗ ಕುಸಿಯುವ ವೈರಿಂಗ್ ಎಷ್ಟೋ ಕಡೆ ಇದೆ. ಉದ್ದದ ತೆಳು ಎಕ್ಸ್‌ಟೆನ್ಷನ್ ವೈರಿನಲ್ಲಿ ಫ್ರಿಜ್ ಹಾಕಿದ್ದರೆ ಅದನ್ನು ತೆಗೆಯಿರಿ.

ವೋಲ್ಟೇಜ್ ಸರಿಯಿದ್ದರೆ ಮುಂದಿನದು ರಿಲೇ. ಕಂಪ್ರೆಸರ್ ಪಕ್ಕಕ್ಕೆ ಸಿಕ್ಕಿಸಿದ ಬೆಂಕಿಪೊಟ್ಟಣದಷ್ಟು ದೊಡ್ಡ ಭಾಗ ಅದು. ಪಿಟಿಸಿ ರಿಲೇ (ಒಳಗೊಂದು ಬಿಲ್ಲೆ ಇರುವ ಬಗೆ) ಆಗಿದ್ದರೆ ಮೆಕ್ಯಾನಿಕ್ ಅದನ್ನು ಕಿತ್ತು ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಒಳಗೆ ಗಲಗಲ ಸದ್ದು ಬಂದರೆ ಒಳಗಿನ ಬಿಲ್ಲೆ ಒಡೆದಿದೆ. ಸುಟ್ಟ ವಾಸನೆ, ಕಪ್ಪು ಕಲೆ ಕೂಡ ಅದೇ ಸುದ್ದಿ. ರಿಲೇ ಬದಲಿಸಿದರೆ ಕಂಪ್ರೆಸರ್ ಎದ್ದು ಕೂರುವುದನ್ನು ನಾನು ಹಲವು ಸಲ ನೋಡಿದ್ದೇನೆ. ಹಾಗಾಗಿ ‘ಕಂಪ್ರೆಸರ್ ಹೋಗಿದೆ’ ಅಂದಾಗ ‘ರಿಲೇ ನೋಡಿದಿರಾ?’ ಅಂತ ಕೇಳಲು ಸಂಕೋಚ ಬೇಡ.

ಸಾಮಾನ್ಯ ಕಂಪ್ರೆಸರ್‌ಗೆ ಮೂರು ಪಿನ್: ಕಾಮನ್, ಸ್ಟಾರ್ಟ್, ರನ್. ಕಾಮನ್‌ನಿಂದ ಸ್ಟಾರ್ಟ್‌ಗೆ ಬಂದ ಓಮ್ ಮತ್ತು ಕಾಮನ್‌ನಿಂದ ರನ್‌ಗೆ ಬಂದ ಓಮ್ ಕೂಡಿದರೆ ಸ್ಟಾರ್ಟ್ ಮತ್ತು ರನ್ ನಡುವಿನ ಓಮ್‌ಗೆ ಸಮ ಬರಬೇಕು. ಯಾವ ಪಿನ್‌ನಿಂದಲೂ ಕಂಪ್ರೆಸರಿನ ಲೋಹದ ಹೊರಮೈಗೆ ಕಂಟಿನ್ಯೂಟಿ ಇರಬಾರದು. ಈ ಲೆಕ್ಕ ತಪ್ಪಿದರೆ ಕಂಪ್ರೆಸರ್ ನಿಜವಾಗಿ ಹೋಗಿದೆ. ಇನ್ವರ್ಟರ್ ಕಂಪ್ರೆಸರ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಅದರ ಮೂರು ಸುತ್ತುಗಳೂ ಸಮ ಇರುತ್ತವೆ, ಓಡಿಸುವುದು ಬೋರ್ಡ್. ಅದಕ್ಕೆ ನೇರ ಕರೆಂಟು ಕೊಟ್ಟು ನೋಡುವ ಸಾಹಸ ಯಾರೂ ಮಾಡಬಾರದು.

ಗ್ಯಾಸ್ ನಿಜವಾಗಿ ಹೋಗಿದ್ದರೆ

ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಬೆಸುಗೆ ಹಾಕಿ ಮುಚ್ಚಿದ ಪೈಪಿನೊಳಗೆ ಅದು ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ತೂತಾಗಿದೆ. ‘ಸ್ವಲ್ಪ ಗ್ಯಾಸ್ ಹಾಕಿದ್ದೇನೆ, ವರ್ಷಕ್ಕೊಮ್ಮೆ ಹಾಕಿಸಬೇಕು’ ಅನ್ನುವ ಮಾತಿಗೆ ಅರ್ಥವಿಲ್ಲ.

ಲಕ್ಷಣಗಳು ಹೀಗಿರುತ್ತವೆ. ಕಂಪ್ರೆಸರ್ ನಿಲ್ಲದೆ ಓಡುತ್ತದೆ. ಹೊರಗಿನ ಕಾಯಿಲ್ ಬಿಸಿಯಾಗುವುದೇ ಇಲ್ಲ, ಮುಟ್ಟಿದರೆ ಕೋಣೆಯಷ್ಟೇ ಇರುತ್ತದೆ. ಒಳಗಿನ ಕೂಲಿಂಗ್ ಕಾಯಿಲ್ ಪೂರ್ತಿ ಸಮನಾಗಿ ಮಂಜು ಕಟ್ಟಬೇಕಾದ್ದು, ಗ್ಯಾಸ್ ಒಳಬರುವ ಮೂಲೆಯಲ್ಲಷ್ಟೇ ಒಂದು ಗುಡ್ಡೆ ಕಟ್ಟಿ ಉಳಿದದ್ದು ಬರಿದಾಗಿರುತ್ತದೆ. ಫ್ರೀಜರ್ ಕೂಡ ಸೋತಿರುತ್ತದೆ. ಎಲ್ಲೋ ಒಂದು ಕೀಲಿನ ಬಳಿ ಎಣ್ಣೆಯ ಜಿಡ್ಡಿಗೆ ಧೂಳು ಅಂಟಿಕೊಂಡಿದ್ದರೆ ತೂತು ಅಲ್ಲಿರಬಹುದು, ಯಾಕೆಂದರೆ ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಸೋರುತ್ತದೆ. ಸಣ್ಣ ಕೊಳವೆ ಕಟ್ಟಿಕೊಂಡರೂ ಇದೇ ಲಕ್ಷಣ ಕಾಣಬಹುದು. ಎರಡರಲ್ಲಿ ಯಾವುದು ಅಂತ ಬೇರ್ಪಡಿಸುವುದು ಒತ್ತಡ ಅಳೆಯುವ ಗೇಜ್ ಇಟ್ಟುಕೊಂಡವರ ಕೆಲಸ.

ಇದನ್ನು ಮನೆಯಲ್ಲಿ ನಾವು ಮಾಡುವುದಲ್ಲ. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿ ಇರುವುದು ಆರ್-600ಎ, ಅಂದರೆ ಐಸೊಬ್ಯೂಟೇನ್. ಅದು ಬೆಂಕಿ ಹಿಡಿಯುವ ಗ್ಯಾಸ್. ಒಳಗಿರುವುದು ಸಾಮಾನ್ಯವಾಗಿ ನೂರು ಗ್ರಾಮಿನೊಳಗೇ, ಆದರೂ ಮುಚ್ಚಿದ ಕೋಣೆಯಲ್ಲಿ ಕಿಡಿ ತಾಗಿದರೆ ಅಪಾಯ. ಇನ್ನೊಂದು ವಿಷಯ ಗೊತ್ತಿರಲಿ. ಈ ಗ್ಯಾಸ್ ಮೈನಸ್ 12 ಡಿಗ್ರಿ ಹತ್ತಿರ ಕುದಿಯುತ್ತದೆ. ಫ್ರೀಜರ್ ಕಾಯಿಲ್ ಅದಕ್ಕಿಂತ ತಣ್ಣಗಿರುವುದರಿಂದ ಅಲ್ಲಿ ಒತ್ತಡ ಹೊರಗಿನ ಗಾಳಿಗಿಂತಲೂ ಕಡಿಮೆ. ಅಲ್ಲಿ ತೂತಾದರೆ ಕಂಪ್ರೆಸರ್ ಓಡುವಾಗ ಹೊರಗಿನ ಗಾಳಿ, ತೇವ ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಮೇಲಿಂದ ಗ್ಯಾಸ್ ಸುರಿದರೆ ಸಾಲದು. ತೂತು ಮುಚ್ಚಬೇಕು, ಪೈಪಿನೊಳಗಿನ ತೇವ ಹೀರುವ ಫಿಲ್ಟರ್ ಡ್ರೈಯರ್ ಬದಲಿಸಬೇಕು, ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿ ತೇವ ತೆಗೆಯಬೇಕು, ಲೇಬಲ್ ಮೇಲೆ ಬರೆದಷ್ಟೇ ಗ್ರಾಂ ತೂಕ ಹಾಕಿ ತುಂಬಬೇಕು. ಬರುವವರ ಹತ್ತಿರ ವ್ಯಾಕ್ಯೂಮ್ ಪಂಪ್ ಮತ್ತು ತೂಕದ ಯಂತ್ರ ಇದೆಯಾ ಅಂತ ಫೋನಿನಲ್ಲೇ ಕೇಳಿಕೊಳ್ಳಿ.

ನೀರು

ತರಕಾರಿ ಟ್ರೇ ಕೆಳಗೆ ನೀರು ನಿಲ್ಲುತ್ತಿದ್ದರೆ, ಅಥವಾ ಫ್ರೀಜರ್ ನೆಲದಲ್ಲಿ ಐಸ್ ಹಾಳೆ ಕಟ್ಟುತ್ತಿದ್ದರೆ, ಕರಗಿದ ನೀರು ಹೋಗುವ ತೂತು ಕಟ್ಟಿದೆ. ಹಿಂದಿನ ಗೋಡೆಯ ಬುಡದಲ್ಲಿ ಆ ತೂತು ಇರುತ್ತದೆ. ದೊಡ್ಡ ಸಿರಿಂಜ್‌ನಲ್ಲಿ ಬೆಚ್ಚಗಿನ ನೀರು ತೆಗೆದುಕೊಂಡು ಮೆಲ್ಲಗೆ ಬಿಡಿ. ಮೊದಲು ತಿರುಗಿ ಉಕ್ಕುತ್ತದೆ. ಮೂರು ನಾಲ್ಕು ಸಲ ಆದ ಮೇಲೆ ‘ಗೊಳಕ್’ ಅಂತ ಇಳಿದು, ಹಿಂದೆ ಕಂಪ್ರೆಸರ್ ಮೇಲಿನ ತಟ್ಟೆಗೆ ನೀರು ಬೀಳುವ ಸದ್ದು ಕೇಳುತ್ತದೆ. ಆ ತಟ್ಟೆಯ ನೀರು ಕಂಪ್ರೆಸರ್ ಬಿಸಿಗೆ ತಾನಾಗಿ ಆರಿಹೋಗುತ್ತದೆ. ಮನೆಯ ನೆಲಕ್ಕೇ ನೀರು ಬರುತ್ತಿದ್ದರೆ ಆ ತಟ್ಟೆ ಬಿರುಕು ಬಿಟ್ಟಿದೆಯಾ, ಸರಿದಿದೆಯಾ ನೋಡಿ. ಫ್ರಿಜ್‌ನಿಂದ ಕೆಟ್ಟ ವಾಸನೆ ಬಂದು ಒಳಗೆ ಏನೂ ಸಿಗದಿದ್ದರೂ ಅದೇ ತಟ್ಟೆಯನ್ನು ನೋಡಿ, ತೊಳೆಯಿರಿ.

ತಂಪು ಜಾಸ್ತಿಯಾಗಿ ತರಕಾರಿ ಹೆಪ್ಪುಗಟ್ಟುತ್ತಿದ್ದರೆ

ಹಿಂದಿನ ಗೋಡೆಗೆ ಅಥವಾ ಗಾಳಿ ಕಿಂಡಿಗೆ ತಾಗಿಸಿ ಇಟ್ಟಿದ್ದರೆ ಸರಿಸಿ. ನಾಬ್ ಇಳಿಸಿ. ಆಗಲೂ ಕಂಪ್ರೆಸರ್ ನಿಲ್ಲದೆ ಓಡಿದರೆ ಥರ್ಮೋಸ್ಟ್ಯಾಟ್ ಅಂಟಿಕೊಂಡಿದೆ, ಅಥವಾ ಸೆನ್ಸರ್ ತಪ್ಪು ಹೇಳುತ್ತಿದೆ, ಅಥವಾ ಗಾಳಿಯ ಕಿಂಡಿಯ ಮುಚ್ಚಳ ತೆರೆದೇ ನಿಂತಿದೆ. ಇನ್ವರ್ಟರ್ ಫ್ರಿಜ್ ಸದಾ ಮೆಲ್ಲಗೆ ಓಡುತ್ತಿರುವುದು ಮಾತ್ರ ದೋಷವಲ್ಲ.

ಸದ್ದು, ಬಿಸಿ, ಶಾಕ್

ಗುಳುಗುಳು, ಸುಯ್ ಅನ್ನೋದು ಗ್ಯಾಸ್ ಹರಿಯುವ ಸದ್ದು. ರಾತ್ರಿ ‘ಟಪ್’ ಅಂತ ಒಡೆದ ಹಾಗೆ ಕೇಳಿದರೆ ಪ್ಲಾಸ್ಟಿಕ್ ಹಿಗ್ಗಿ ಕುಗ್ಗುವುದು. ಪಕ್ಕದ ಗೋಡೆ, ಬಾಗಿಲ ಚೌಕಟ್ಟು ಬೆಚ್ಚಗಿರುವುದೂ ಸಹಜ. ಗಡಗಡ ಅಂದರೆ ಕಾಲುಗಳ ಮಟ್ಟ ನೋಡಿ, ಹಿಂದೆ ಪೈಪು ಪೈಪಿಗೆ ತಾಗುತ್ತಿದೆಯಾ ನೋಡಿ.

ಬಾಗಿಲ ಹಿಡಿ ಮುಟ್ಟಿದಾಗ ಜುಮ್ ಅಂದರೆ ಅದು ಸಹಜವಲ್ಲ. ‘ಸ್ವಲ್ಪವೇ ತಾನೆ’ ಅಂತ ಬಿಡಬೇಡಿ. ಮೇನ್‌ನಲ್ಲಿ ಆಫ್ ಮಾಡಿ, ಒಣ ಕೈಯಲ್ಲಿ ಪ್ಲಗ್ ಕೀಳಿ, ಅರ್ಥಿಂಗ್ ಮತ್ತು ಕಂಪ್ರೆಸರ್ ಲೀಕೇಜ್ ಎರಡನ್ನೂ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸುವವರೆಗೆ ಹಾಕಬೇಡಿ. ಮೂರು ಪಿನ್ ಪ್ಲಗ್‌ನ ಅರ್ಥ್ ಪಿನ್ ಕತ್ತರಿಸಿ ಬಳಸುತ್ತಿದ್ದರೆ ಇವತ್ತೇ ಸರಿಮಾಡಿಸಿ.

ರಿಪೇರಿ ಆಗುವವರೆಗೆ ಒಳಗಿರುವ ಆಹಾರ

ಕೆಟ್ಟ ಫ್ರಿಜ್ಜನ್ನು ಮತ್ತೆ ಮತ್ತೆ ತೆಗೆದು ನೋಡಬೇಡಿ. ಮುಚ್ಚಿಯೇ ಇದ್ದರೆ ಕೆಳಗಿನ ಭಾಗ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ಫ್ರೀಜರ್ ತುಂಬಿದ್ದರೆ ಸುಮಾರು 48 ಗಂಟೆ, ಅರ್ಧ ಇದ್ದರೆ 24 ಗಂಟೆ. ಹಾಲು, ಮಾಂಸ, ಬೇಯಿಸಿದ ಆಹಾರ 4 ಡಿಗ್ರಿಗಿಂತ ಮೇಲೆ 2 ಗಂಟೆಗಿಂತ ಜಾಸ್ತಿ ಇದ್ದರೆ ಬಿಸಾಡಿ. ವಾಸನೆ ನೋಡಿ, ರುಚಿ ನೋಡಿ ತೀರ್ಮಾನಿಸುವುದು ಬೇಡ. ಫ್ರೀಜರ್‌ನಲ್ಲಿದ್ದ ಪ್ಯಾಕೆಟ್ಟಿನೊಳಗೆ ಇನ್ನೂ ಐಸ್ ಹರಳು ಕಾಣುತ್ತಿದ್ದರೆ ಮತ್ತೆ ಗಟ್ಟಿ ಮಾಡಬಹುದು.

ರಿಪೇರಿಯಾದ ಫ್ರಿಜ್ಜನ್ನು ವ್ಯಾನಿನಲ್ಲಿ ಮಲಗಿಸಿ ತಂದಿದ್ದರೆ ಕೆಲವು ಗಂಟೆ ನಿಲ್ಲಿಸಿಟ್ಟು, ಪೈಪಿಗೆ ಹರಿದ ಎಣ್ಣೆ ಕಂಪ್ರೆಸರ್‌ಗೆ ಇಳಿದ ಮೇಲೆ ಆನ್ ಮಾಡಿ. ಆನ್ ಮಾಡಿದ ಕೂಡಲೇ ತುಂಬಿಸಬೇಡಿ. ಬರಿಯ ಲೋಟದ ನೀರು, ಅದರಲ್ಲಿ ಥರ್ಮಾಮೀಟರ್. ಮರುದಿನ ಬೆಳಗ್ಗೆ ಅದು 4 ಡಿಗ್ರಿ ತೋರಿಸಿದರೆ ಹಾಲು ಒಳಗಿಡಿ. ಎರಡು ವಾರ ಬಿಟ್ಟು ಅದೇ ಲೋಟವನ್ನು ಇನ್ನೊಮ್ಮೆ ಇಟ್ಟು ನೋಡಿ, ಡಿಫ್ರಾಸ್ಟ್ ದೋಷ ಉಳಿದಿದ್ದರೆ ಅಷ್ಟರೊಳಗೆ ತಿರುಗಿ ಕಾಣಿಸಿಕೊಂಡಿರುತ್ತದೆ.